ಟ್ರೇಡಿಂಗ್ ಪುಸ್ತಕ ನಾವೇ ಪ್ರಿಂಟ್ ಮಾಡಿಸಿದ್ರೆ ಬೆಲೆ ಎಷ್ಟಿಡೋದು, ಕಳ್ಸೋದು ಹೇಗೆ?

ಪ್ರಶ್ನೆ: ವರ್ಷಗಟ್ಲೆ ಟ್ರೇಡಿಂಗ್ ಮಾಡ್ತಾ ಬರೆದಿಟ್ಟ ನೋಟ್ಸನ್ನೆಲ್ಲ ಸೇರಿಸಿ 320 ಪುಟದ ಪುಸ್ತಕ ಮಾಡಿದೀನಿ, ಪಬ್ಲಿಷರ್ ಹತ್ರ ಹೋಗ್ದೆ ನಾನೇ ಪ್ರಿಂಟ್ ಮಾಡಿಸ್ತೀನಿ. ಇದೇ ವಿಷಯದ ಆನ್‌ಲೈನ್ ಕೋರ್ಸಿಗೆ ಜನ ಎಷ್ಟೊಂದು ದುಡ್ಡು ಕೊಡ್ತಾರೆ, ನೀನು ಅದರ ಅರ್ಧ ಆದ್ರೂ ಇಡು ಅಂತ ಒಬ್ಬ ಫ್ರೆಂಡ್ ಹೇಳ್ತಾನೆ. ಪ್ರಿಂಟಿಂಗ್ ಖರ್ಚು ಬಂದ್ರೆ ಸಾಕು, ಕಮ್ಮಿಗೆ ಕೊಟ್ಟು ಹೆಸರು ಮಾಡ್ಕೋ ಅಂತ ಇನ್ನೊಬ್ಬ. ಯಾರ ಮಾತು ಕೇಳ್ಲಿ?

ಉತ್ತರ: ಇಬ್ಬರ ಮಾತೂ ಬೇಡ. ಕೋರ್ಸಿಗೆ ದುಡ್ಡು ಕೊಡೋನು ಡೌಟ್ ಕೇಳ್ಬಹುದು, ಉತ್ತರ ಸಿಗತ್ತೆ, ಲೈವ್ ಮಾರ್ಕೆಟ್ ಎದುರಿಗಿಟ್ಕೊಂಡು ಯಾರೋ ತೋರಿಸ್ತಾರೆ. ಪುಸ್ತಕ ಕೊಳ್ಳೋನು ನಿಮ್ಮ ಬೆಲೆನ ಕೋರ್ಸಿನ ಜೊತೆ ಹೋಲಿಸಲ್ಲ, ಪಕ್ಕದಲ್ಲೇ ಇರೋ ಇನ್ನೊಂದು ಪುಸ್ತಕದ ಜೊತೆ ಹೋಲಿಸ್ತಾನೆ. ಅದಕ್ಕಿಂತ ದೊಡ್ಡ ಕಾರಣ ಒಂದಿದೆ, ಅದನ್ನ ನೇರವಾಗೇ ಹೇಳ್ತೀನಿ. "ಒಂದು ಟ್ರೇಡ್ ಸರಿ ಬಂದ್ರೆ ಪುಸ್ತಕದ ದುಡ್ಡು ವಾಪಸ್" ಅನ್ನೋ ಲೆಕ್ಕದಲ್ಲಿ ಬೆಲೆ ಏರಿಸೋದು ಓದುಗನಿಗೆ ಮಾಡೋ ಅನ್ಯಾಯ. ಯುರೋಪಿನ ಮಾರುಕಟ್ಟೆ ನಿಯಂತ್ರಕ ಎಸ್ಮಾ 2018ರಲ್ಲಿ ಸಿಎಫ್‌ಡಿ (ಷೇರು, ಕರೆನ್ಸಿ ಕೊಳ್ಳದೆ ಬರೀ ಅದರ ಬೆಲೆ ಏರಿಳಿತದ ಮೇಲೆ ದುಡ್ಡು ಹಾಕೋದು) ಟ್ರೇಡಿಂಗ್ ಮೇಲೆ ನಿರ್ಬಂಧ ಹಾಕಿದಾಗ, ಸಾಮಾನ್ಯ ಜನರ (ರಿಟೇಲ್) ಅಕೌಂಟುಗಳಲ್ಲಿ ಸಾಮಾನ್ಯವಾಗಿ 74ರಿಂದ 89 ಪರ್ಸೆಂಟ್ ನಷ್ಟದಲ್ಲಿರ್ತವೆ ಅಂತ ಹೇಳ್ತು. ನಿಮ್ಮ ಪುಸ್ತಕ ಕೊಳ್ಳೋರಲ್ಲೂ ತುಂಬಾ ಜನ ಆಗ್ಲೇ ದುಡ್ಡು ಕಳ್ಕೊಂಡು, ಏನ್ ತಪ್ಪಾಗ್ತಿದೆ ಅಂತ ತಿಳ್ಕೊಳ್ಳೋಕೆ ಬರೋರೇ ಇರ್ತಾರೆ. ಅವ್ರಿಗೆ ನೀವು ಮಾರ್ತಿರೋದು ಲಾಭ ಅಲ್ಲ, ನಿಮ್ಮ ವಿವರಣೆ, ಅದಕ್ಕೆ ಪುಸ್ತಕದ ಬೆಲೆ ಸಾಕು.

ಹಾಗಂತ ಪ್ರಿಂಟಿಂಗ್ ಖರ್ಚಿಗೇ ಕೊಡ್ಬೇಡಿ, ಅಲ್ಲಿ ನಿಮಗೆ ಅನ್ಯಾಯ ಆಗತ್ತೆ. ಲೆಕ್ಕ ಹಿಂದಿನಿಂದ ಮಾಡ್ಬೇಕು, ಅಂದ್ರೆ ನಿಮಗೆ ಅತ್ಯಂತ ಕಮ್ಮಿ ಉಳಿಯೋ ದಾರಿ ಯಾವ್ದೋ ಅಲ್ಲಿಂದ ಶುರು ಮಾಡ್ಬೇಕು. ಒಂದು ಕಾಪಿ ಪ್ರಿಂಟ್ ಆಗೋಕೆ 100 ಅಂತ ಇಟ್ಕೊಳ್ಳಿ, ಯಾವ ದೇಶದ ದುಡ್ಡಾದ್ರೂ ಸರಿ. ಡಿಸ್ಟ್ರಿಬ್ಯೂಟರ್ ಮೂಲಕ ಅಂಗಡಿಗೆ ಹೋಗೋ ಪುಸ್ತಕದ ಮೇಲೆ 40ರಿಂದ 55 ಪರ್ಸೆಂಟ್ ಡಿಸ್ಕೌಂಟ್ ಕೊಡ್ಬೇಕಾಗತ್ತೆ. ನೀವು ಬೆಲೆ 200 ಇಟ್ಟು 55 ಪರ್ಸೆಂಟ್ ಬಿಟ್ಟುಕೊಟ್ರೆ ಕೈಗೆ ಬರೋದು 90, ಪ್ರಿಂಟಿಗೆ ಹೋಗಿದ್ದು 100, ಅಂದ್ರೆ ಮಾರಿದ ಪ್ರತಿ ಕಾಪಿಗೂ 10 ನಷ್ಟ, ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ. ಅದೇ 300 ಇಟ್ರೆ 135 ಬರತ್ತೆ, 35 ಉಳಿಯತ್ತೆ. ಪ್ರಿಂಟ್ ಖರ್ಚಿನ ಮೂರು ಪಟ್ಟಿಗಿಂತ ಕೆಳಗೆ ಇಳಿಬೇಡಿ ಅಂತ ನಾನು ಹೇಳೋದು ಇದಕ್ಕೇ. ನೀವೇ ನೇರವಾಗಿ ಮಾರಿದ್ರೆ ಅದೇ 300ರಲ್ಲಿ ಪ್ರಿಂಟ್ 100, ಪೇಮೆಂಟ್ ಗೇಟ್‌ವೇಗೆ ಸುಮಾರು 9, ಪ್ಯಾಕಿಂಗಿಗೆ ಒಂದು 10 ಹೋಗಿ 180ರ ಹತ್ರ ಉಳಿಯತ್ತೆ, ಪೋಸ್ಟೇಜ್ ಬೇರೆ. ಇಷ್ಟು ಉಳಿಯತ್ತಲ್ಲ ಅಂತ ನೇರ ಮಾರಾಟದ ಬೆಲೆನ ಅಂಗಡಿಗಿಂತ ತೀರಾ ಇಳಿಸ್ಬೇಡಿ, ಅಂಗಡಿಯವ್ರು ಎರಡನೇ ಸಲ ನಿಮ್ಮ ಪುಸ್ತಕ ತರಿಸಲ್ಲ.

ಎಡಿಟಿಂಗ್, ಕವರ್ ಡಿಸೈನ್, ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಇವೆಲ್ಲ ಒಂದೇ ಸಲದ ಖರ್ಚು. ಇದನ್ನ ಕಾಪಿಗಳ ಮೇಲೆ ಹಂಚುವಾಗ ಪ್ರಿಂಟ್ ಮಾಡ್ಸಿದ ಸಂಖ್ಯೆಯಿಂದ ಭಾಗಿಸ್ಬೇಡಿ, ಖಂಡಿತಾ ಮಾರಾಟ ಆಗತ್ತೆ ಅಂತ ನಿಮಗೆ ನಂಬಿಕೆ ಇರೋ ಸಂಖ್ಯೆಯಿಂದ ಭಾಗಿಸಿ. ವಿಮರ್ಶೆಗೆ ಕೊಡೋ ಕಾಪಿ, ಮೂಲೆ ಮಡಚಿ ವಾಪಸ್ ಬಂದ ಕಾಪಿ, ಅಂಗಡಿಯಿಂದ ರಿಟರ್ನ್ ಆದ ಕಾಪಿ ಇವೂ ಲೆಕ್ಕಕ್ಕೆ ಬರ್ಲಿ. ಮಾರದೆ ಉಳಿದಿದ್ದನ್ನ ವಾಪಸ್ ತಗೊಳ್ಳೋ ಪದ್ಧತಿ 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಿಂದ ಅಮೆರಿಕದ ಪುಸ್ತಕ ವ್ಯಾಪಾರದಲ್ಲಿ ಬೇರು ಬಿಟ್ಟಿದೆ, ಬೇರೆ ಕಡೆನೂ ಸಾಕಷ್ಟಿದೆ, ಹಾಗಾಗಿ ಒಪ್ಪಂದಕ್ಕೆ ಸೈನ್ ಮಾಡೋ ಮುಂಚೆ ರಿಟರ್ನ್ ಸಾಗಣೆ ಖರ್ಚು ಯಾರ ತಲೆ ಮೇಲೆ ಅಂತ ಕೇಳಿ.

ಪ್ರಶ್ನೆ: ಬಾರ್‌ಕೋಡಲ್ಲೇ ಬೆಲೆ ಹಾಕ್ಬೇಕಾ? ಆಮೇಲೆ ಬೆಲೆ ಬದಲಾಯಿಸಿದ್ರೆ ಹೊಸ ಐಎಸ್‌ಬಿಎನ್ ತಗೋಬೇಕಾ?

ಉತ್ತರ: ಬೆಲೆ ಬದಲಾದ್ರೆ ಹೊಸ ನಂಬರ್ ಬೇಡ. ಆದ್ರೆ ಪೇಪರ್‌ಬ್ಯಾಕಿಗೆ ಒಂದು, ಹಾರ್ಡ್‌ಕವರಿಗೆ ಒಂದು, ಇ-ಬುಕ್ಕಿಗೆ ಒಂದು ಅಂತ ಬೇರೆ ಬೇರೆ ಬೇಕು. ಕೆಲವು ಪುಸ್ತಕದಲ್ಲಿ ದೊಡ್ಡ ಬಾರ್‌ಕೋಡ್ ಪಕ್ಕ 5 ಅಂಕಿಯ ಚಿಕ್ಕದೊಂದು ಇರತ್ತೆ, ಬೆಲೆ ಕೂರೋದು ಅದ್ರಲ್ಲಿ, 52499 ಅಂತಿದ್ರೆ ಅಮೆರಿಕನ್ ಡಾಲರಲ್ಲಿ 24.99 ಅಂತ ಅರ್ಥ. ಬೆಲೆ ಹೇಳೋದು ಬೇಡ ಅಂದ್ರೆ ಅಲ್ಲಿ 90000 ಹಾಕ್ತಾರೆ. ಮೊದಲ ಪುಸ್ತಕಕ್ಕೆ ಅದೇ ಒಳ್ಳೇದು, ಯಾಕಂದ್ರೆ ಮೊದಲ ವರ್ಷ ಬೆಲೆ ಒಂದೆರಡು ಸಲ ತಿದ್ದಬೇಕಾಗಿ ಬರಬಹುದು. ಬೆಲೆ ಮುದ್ರಿಸಲೇಬೇಕು ಅಂತ ನಿಮ್ಮ ದೇಶದ ಕಾನೂನು ಹೇಳಿದ್ರೆ ಮಾತ್ರ ಬೇರೆ ಆಯ್ಕೆ ಇಲ್ಲ.

ಪ್ರಶ್ನೆ: ನನ್ನ ಪುಸ್ತಕದಲ್ಲಿ 90 ಚಾರ್ಟ್ ಇದೆ, ಎಲ್ಲಾ ಸ್ಕ್ರೀನ್‌ಶಾಟ್, ಕಪ್ಪು ಬ್ಯಾಕ್‌ಗ್ರೌಂಡ್ ಮೇಲೆ ಕೆಂಪು ಹಸಿರು ಕ್ಯಾಂಡಲ್ (ಬೆಲೆ ಏರಿಳಿತ ತೋರಿಸೋ ಕಂಬಗಳು). ಕಲರಲ್ಲಿ ಪ್ರಿಂಟ್ ಮಾಡ್ಸಿದ್ರೆ ಬೆಲೆ ಕೈಗೆಟುಕಲ್ಲ, ಕಪ್ಪು ಬಿಳುಪು ಮಾಡಿದ್ರೆ ಏನೂ ಕಾಣಲ್ಲ. ಏನ್ ಮಾಡ್ಲಿ?

ಉತ್ತರ: ಚಾರ್ಟ್‌ಗಳನ್ನ ಹೊಸದಾಗಿ ತೆಗೀರಿ. ಬೇಜಾರಿನ ಕೆಲಸ, ಗೊತ್ತು, ಆದ್ರೆ ಇಡೀ ಪುಸ್ತಕದ ಬೆಲೆ ಇದ್ರ ಮೇಲೇ ನಿಂತಿದೆ. ತುಂಬಾ ಪ್ರಿಂಟ್ ಆನ್ ಡಿಮ್ಯಾಂಡ್ (ಆರ್ಡರ್ ಬಂದಾಗ ಮಾತ್ರ ಪ್ರಿಂಟ್ ಮಾಡೋ) ಸರ್ವೀಸ್‌ಗಳಲ್ಲಿ, ಅಮೆಜಾನಿನ ಕೆಡಿಪಿಲೂ ಅಷ್ಟೇ, ಒಳಗೆ ಒಂದೇ ಒಂದು ಪುಟ ಕಲರ್ ಇದ್ರೂ ಅಷ್ಟೂ ಪುಟಕ್ಕೆ ಕಲರ್ ರೇಟ್ ಬೀಳತ್ತೆ. 320 ಪುಟದಲ್ಲಿ 230 ಪುಟ ಬರೀ ಅಕ್ಷರ ಇರುವಾಗ ಓದುಗ ಅದಕ್ಕೂ ಕಲರ್ ದುಡ್ಡು ಯಾಕೆ ಕೊಡ್ಬೇಕು?

ಸಾಫ್ಟ್‌ವೇರ್ ಸೆಟ್ಟಿಂಗ್ಸಲ್ಲಿ ಬ್ಯಾಕ್‌ಗ್ರೌಂಡ್ ಬಿಳಿ ಮಾಡಿ, ಏರಿದ ಕ್ಯಾಂಡಲ್ ಟೊಳ್ಳು, ಇಳಿದದ್ದು ತುಂಬಿದ ಕಪ್ಪು ಅಂತ ಇಡಿ. ಕಲರ್ ಸ್ಕ್ರೀನ್ ಬರೋ ಮುಂಚಿನ ಪುಸ್ತಕಗಳಲ್ಲಿ ಹೀಗೇ ಇರ್ತಿತ್ತು, ಎಲ್ಲರಿಗೂ ಅರ್ಥ ಆಗ್ತಿತ್ತು. ಎರಡು ಮೂವಿಂಗ್ ಆವರೇಜ್ (ಸರಾಸರಿ ಬೆಲೆಯ ಗೆರೆ) ಇದ್ರೆ ಬಣ್ಣದಿಂದ ಬೇರೆ ಮಾಡೋ ಬದಲು ಒಂದನ್ನ ಗಟ್ಟಿ ಗೆರೆ, ಇನ್ನೊಂದನ್ನ ಚುಕ್ಕಿ ಗೆರೆ ಮಾಡಿ, ಪಕ್ಕದಲ್ಲೇ ಹೆಸರು ಬರೀರಿ. ಇದ್ರಿಂದ ಇನ್ನೊಂದು ಒಳ್ಳೇದಾಗತ್ತೆ: ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನಕ್ಕೆ ಕೆಂಪು ಹಸಿರು ಬೇರೆ ಮಾಡೋದು ಕಷ್ಟ, ಅಂಥವ್ರು ಕಲರ್ ಚಾರ್ಟ್ ಎದುರು ಕೂತು ಒದ್ದಾಡ್ತಾರೆ, ನಿಮ್ಮ ಕಪ್ಪು ಬಿಳುಪು ಚಾರ್ಟನ್ನ ಆರಾಮಾಗಿ ಓದ್ತಾರೆ. ಚಿತ್ರ ಪ್ರಿಂಟ್ ಆಗೋ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರ್ಲಿ, ಸಾಧ್ಯ ಇದ್ರೆ ಹಿಗ್ಗಿಸಿದ್ರೂ ಮಸುಕಾಗದ ವೆಕ್ಟರ್ ಫೈಲ್ ಬಳಸಿ, ಫೋನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಹಿಗ್ಗಿಸಿದ್ರೆ ಬೆಲೆಯ ಅಂಕಿಗಳೇ ಓದೋಕಾಗಲ್ಲ. ಮಾರೋ ಪುಸ್ತಕದಲ್ಲಿ ಚಾರ್ಟ್ ಹಾಕೋಕೆ ಆ ಸಾಫ್ಟ್‌ವೇರ್ ಕಂಪನಿ ಏನ್ ಷರತ್ತು ಇಟ್ಟಿದೆ ಅಂತಾನೂ ಮೊದಲೇ ಓದ್ಕೊಳ್ಳಿ. ಕಲರ್ ಚಾರ್ಟ್ ಬೇಕು ಅನ್ನೋರಿಗೆ ಅದೇ ಚಿತ್ರಗಳ ಪಿಡಿಎಫ್ ಮಾಡಿ ಫ್ರೀಯಾಗಿ ಕೊಡಿ, ಪುಸ್ತಕದ ಕೊನೇಲಿ ಲಿಂಕ್ ಹಾಕಿದ್ರೆ ಸಾಕು.

ಪ್ರಶ್ನೆ: ಶಿಪ್ಪಿಂಗ್ ಫ್ರೀ ಅಂತ ಹಾಕ್ಲಾ ಅಥ್ವಾ ಬೇರೆ ತಗೊಳ್ಲಾ? ಪೋಸ್ಟ್ ಖರ್ಚು ಪುಸ್ತಕದ ಖರ್ಚನ್ನೇ ನುಂಗ್ತಿದೆ.

ಉತ್ತರ: ಈ ಪ್ರಶ್ನೆ ಎಲ್ರೂ ಪುಸ್ತಕ ಪ್ರಿಂಟ್ ಆಗಿ ಮನೆಗೆ ಬಂದ್ಮೇಲೆ ಕೇಳ್ತಾರೆ, ಕೇಳ್ಬೇಕಾಗಿದ್ದು ಪೇಪರ್ ಆರಿಸೋವಾಗ. ಪುಸ್ತಕದ ತೂಕ ಪ್ರಿಂಟ್ ಆಗೋ ಮುಂಚೇನೇ ಲೆಕ್ಕ ಹಾಕ್ಬಹುದು. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಪೇಪರಿನ ತೂಕ ಗ್ರಾಮಲ್ಲಿ. 6 ಇಂಚು 9 ಇಂಚಿನ 320 ಪುಟದ ಪುಸ್ತಕದಲ್ಲಿ 160 ಹಾಳೆ, ಒಂದೊಂದು ಹಾಳೆ 0.0348 ಚದರ ಮೀಟರ್, 80 ಜಿಎಸ್‌ಎಂ ಪೇಪರಾದ್ರೆ ಒಳಗಿನದ್ದೇ ಸುಮಾರು 446 ಗ್ರಾಂ, ಕವರ್ 20ರ ಮೇಲೆ, ಪ್ಯಾಕಿಂಗ್ 60 ಅಂತ ಹಿಡಿದ್ರೆ 528 ಗ್ರಾಂ ಹತ್ರ ಆಯ್ತು. ಪೋಸ್ಟಲ್ ಸ್ಲ್ಯಾಬ್ (ತೂಕದ ಮೇಲಿನ ದರದ ಹಂತ) ತುಂಬಾ ಕಡೆ 500 ಗ್ರಾಮಿಗೆ ಮುಗಿಯತ್ತೆ, ಅಲ್ಲಿ ಆ 28 ಗ್ರಾಮಿಗೋಸ್ಕರ ಪ್ರತಿ ಪಾರ್ಸೆಲ್ಲಿಗೂ ಮುಂದಿನ ಸ್ಲ್ಯಾಬಿನ ದುಡ್ಡು ಕಟ್ತಾ ಇರ್ತೀರ, ಪುಸ್ತಕ ಮಾರೋ ಅಷ್ಟು ವರ್ಷಾನೂ. ಅದೇ 70 ಜಿಎಸ್‌ಎಂ ತಗೊಂಡಿದ್ರೆ ಎಲ್ಲಾ ಸೇರಿ 472ಕ್ಕೆ ನಿಲ್ತಿತ್ತು. ಆದ್ರೆ ತೆಳು ಪೇಪರಲ್ಲಿ ಹಿಂದಿನ ಪುಟದ ಕಪ್ಪು ಈ ಕಡೆ ಕಾಣತ್ತೆ, ಕಪ್ಪು ಬ್ಯಾಕ್‌ಗ್ರೌಂಡ್ ಚಾರ್ಟ್ ಇದ್ರಂತೂ ಓದೋಕೇ ಆಗಲ್ಲ. ಬಿಳಿ ಬ್ಯಾಕ್‌ಗ್ರೌಂಡ್ ಮಾಡಿ ಅಂತ ಮೇಲೆ ಚಾರ್ಟ್ ಬಗ್ಗೆ ಕೇಳಿದವ್ರಿಗೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಪ್ರಿಂಟರ್ ಹತ್ರ ಎರಡೂ ಪೇಪರಲ್ಲಿ ನಾಲ್ಕು ಪುಟ ಸ್ಯಾಂಪಲ್ ಹೊಡೆಸಿ, ಬೆಳಕಿಗೆ ಹಿಡಿದು ನೋಡಿ.

ದಪ್ಪದ ವಿಷಯನೂ ಹೀಗೇ. ಕೆಲವು ದೇಶಗಳಲ್ಲಿ ದೊಡ್ಡ ಲಕೋಟೆ ದರದಲ್ಲಿ ಕಳ್ಸೋಕೆ ದಪ್ಪಕ್ಕೂ ಮಿತಿ ಇರತ್ತೆ, ಬ್ರಿಟನ್ನಿನ ರಾಯಲ್ ಮೇಲಲ್ಲಿ ಲಾರ್ಜ್ ಲೆಟರ್ ಅಂದ್ರೆ 2.5 ಸೆಂಟಿಮೀಟರ್. 80 ಜಿಎಸ್‌ಎಂ ಹಾಳೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಅಂತ ಹಿಡ್ಕೊಂಡ್ರೆ 320 ಪುಟ 16 ಮಿಲಿಮೀಟರ್, ಪ್ಯಾಕಿಂಗ್ ಸೇರಿದ್ರೂ ದಾಟಲ್ಲ, ಬಬಲ್ ರ‍್ಯಾಪ್ ನಾಲ್ಕು ಸುತ್ತು ಸುತ್ತಿದ್ರೆ ದಾಟತ್ತೆ. ಪುಸ್ತಕಕ್ಕೆ ಬಬಲ್‌ಗಿಂತ ಗಟ್ಟಿ ರಟ್ಟಿನ ಮೇಲರ್ ವಾಸಿ, ಪೆಟ್ಟು ಬೀಳೋದು ಮೂಲೆಗೆ, ಮಧ್ಯಕ್ಕಲ್ಲ. ಅದರೊಳಗೆ ನೀರು ತಾಗದ ಹಾಗೆ ತೆಳು ಪ್ಲಾಸ್ಟಿಕ್ ಕವರ್ ಒಂದು.

ಕೊರಿಯರಲ್ಲಿ ಕಳ್ಸೋದಾದ್ರೆ ವಾಲ್ಯೂಮೆಟ್ರಿಕ್ ತೂಕ ಅಂತ ಒಂದಿದೆ. ಡಬ್ಬದ ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸೋದು ಹೆಚ್ಚಿನ ಕಡೆ ನಡೆಯೋ ಲೆಕ್ಕ, ನಿಜವಾದ ತೂಕ, ಈ ಲೆಕ್ಕದ ತೂಕ, ಎರಡ್ರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ ದುಡ್ಡು. ಅರ್ಧ ಕೇಜಿ ಪುಸ್ತಕನ 30, 25, 5ರ ಡಬ್ಬದಲ್ಲಿ ಹಾಕಿದ್ರೆ ಮುಕ್ಕಾಲು ಕೇಜಿಗೆ ಬಿಲ್ ಬರತ್ತೆ. ಪುಸ್ತಕದ ಅಳತೆಗೆ ಸರಿಯಾಗಿ 24, 17, 4ರ ಡಬ್ಬ ಮಾಡ್ಸಿದ್ರೆ ಆ ಲೆಕ್ಕ 330 ಗ್ರಾಮಿಗೆ ಇಳಿಯತ್ತೆ, ನಿಜ ತೂಕಕ್ಕಷ್ಟೇ ಕಟ್ತೀರ.

ಈಗ ಫ್ರೀ ಶಿಪ್ಪಿಂಗ್. ಕೊಳ್ಳೋನು ಕೊನೇ ಪೇಜಲ್ಲಿ ಇನ್ನೊಂದು ಮೊತ್ತ ಕಂಡ್ರೆ ಬಿಟ್ಟು ಹೋಗ್ತಾನೆ, ಅದು ನಿಜ. ಆದ್ರೆ ಪೋಸ್ಟೇಜ್ ಪೂರ್ತಿ ಬೆಲೆಯೊಳಗೆ ಸೇರಿಸಿದ್ರೆ ಅಂಗಡಿಲಿ ಕೊಳ್ಳೋನೂ ಪೋಸ್ಟ್ ದುಡ್ಡು ಕೊಟ್ಟ ಹಾಗಾಗತ್ತೆ, ಜೊತೆಗೆ ಡಿಸ್ಟ್ರಿಬ್ಯೂಟರ್ ಆ ಪೋಸ್ಟೇಜ್ ಮೇಲೂ 55 ಪರ್ಸೆಂಟ್ ಹಿಡ್ಕೋತಾನೆ. ದೇಶದೊಳಗೆ ಎಲ್ಲೇ ಇದ್ರೂ ಒಂದೇ ಸಮ ಶಿಪ್ಪಿಂಗ್ ಮೊತ್ತ ಇಟ್ಟು ಅದನ್ನ ಪುಸ್ತಕದ ಬೆಲೆ ಪಕ್ಕದಲ್ಲೇ, ಮೊದಲ ಸಾಲಲ್ಲೇ ದೊಡ್ಡದಾಗಿ ಬರೆಯೋದು ನನಗೆ ಸರಿ ಅನ್ಸೋ ದಾರಿ. ಎರಡು ಕಾಪಿ ತಗೊಂಡ್ರೆ ಶಿಪ್ಪಿಂಗ್ ಫ್ರೀ ಅಂತ ಬೇಕಾದ್ರೆ ಮಾಡಿ, ಆ ಖರ್ಚನ್ನ ಎರಡನೇ ಕಾಪಿಯ ಉಳಿಕೆ ಹೊರತ್ತೆ.

ಪ್ರಶ್ನೆ: ಬೇರೆ ದೇಶದಿಂದ ಆರ್ಡರ್ ಬಂದಿದೆ. ಕಸ್ಟಮ್ಸ್ ಫಾರ್ಮಲ್ಲಿ ಗಿಫ್ಟ್ ಅಂತ ಬರೆದ್ರೆ ಸುಲಭ ಅಂತಾರೆ, ಹೌದಾ?

ಉತ್ತರ: ಬೇಡ. ಮಾರಿದ ವಸ್ತುನ ಗಿಫ್ಟ್ ಅನ್ನೋದು ಸುಳ್ಳು ಘೋಷಣೆ, ಸಿಕ್ಕಿಬಿದ್ರೆ ಪಾರ್ಸೆಲ್ ನಿಲ್ಲತ್ತೆ, ತೊಂದ್ರೆ ಓದುಗನಿಗೆ. ಪುಸ್ತಕದ ವಿಷಯದಲ್ಲಂತೂ ಸುಳ್ಳು ಹೇಳೋ ಅಗತ್ಯನೇ ಕಮ್ಮಿ. 1950ರಲ್ಲಿ ಯುನೆಸ್ಕೊ ಮಾಡಿದ ಫ್ಲಾರೆನ್ಸ್ ಒಪ್ಪಂದಕ್ಕೆ ಸೇರಿದ ದೇಶಗಳು ಪುಸ್ತಕದ ಮೇಲೆ ಕಸ್ಟಮ್ಸ್ ಸುಂಕ ಹಾಕಲ್ಲ ಅಂತ ಒಪ್ಕೊಂಡಿವೆ. ಆದ್ರೆ ಸುಂಕ ಬೇರೆ, ದೇಶದೊಳಗಿನ ತೆರಿಗೆ ಬೇರೆ. ಬ್ರಿಟನ್ನಲ್ಲಿ ಪುಸ್ತಕಕ್ಕೆ ವ್ಯಾಟ್ ಸೊನ್ನೆ. ಯುರೋಪಿಯನ್ ಯೂನಿಯನ್ನಲ್ಲಿ 22 ಯೂರೋವರೆಗಿನ ಪಾರ್ಸೆಲ್ಲಿಗೆ ಇದ್ದ ವ್ಯಾಟ್ ವಿನಾಯ್ತಿ 2021ರ ಜುಲೈ 1ಕ್ಕೆ ಹೋಯ್ತು, ಆಮೇಲಿಂದ ಚಿಕ್ಕ ಪಾರ್ಸೆಲ್ಲಿಗೂ ವ್ಯಾಟ್ ಇದೆ. ಕೊರಿಯರ್‌ನವ್ರು ಆ ತೆರಿಗೆ ಕಟ್ಟಿಕೊಟ್ಟಿದ್ದಕ್ಕೆ ತಮ್ಮದೊಂದು ಚಾರ್ಜ್ ಹಾಕ್ತಾರೆ, ಕೆಲವು ಸಲ ತೆರಿಗೆಗಿಂತ ಆ ಚಾರ್ಜೇ ದೊಡ್ಡದು, ಅದಕ್ಕೆ ಅಲ್ಲಿನ ತೆರಿಗೆ ಯಾರು ಕೊಡ್ತಾರೆ ಅನ್ನೋದನ್ನ ಆರ್ಡರ್ ತಗೊಳ್ಳುವಾಗ್ಲೇ ಬರೆದು ತಿಳಿಸಿ.

ಪೋಸ್ಟಲ್ಲಿ ಹೋಗೋ ಚಿಕ್ಕ ಪಾರ್ಸೆಲ್ಲಿಗೆ ಸಿಎನ್22 ಅನ್ನೋ ಫಾರ್ಮ್. ವಸ್ತುವಿನ ಹೆಸರು ಪ್ರಿಂಟೆಡ್ ಬುಕ್ ಅಂತ ಬರೀರಿ, ಫಾರೆಕ್ಸ್ ಟ್ರೇಡಿಂಗ್ ಮೆಟೀರಿಯಲ್ ಅಂತೆಲ್ಲ ಬರೆದು ನೋಡೋರಿಗೆ ಗೊಂದಲ ಮಾಡ್ಬೇಡಿ. ಎಚ್‌ಎಸ್ ಕೋಡ್ (ಕಸ್ಟಮ್ಸಿನವ್ರು ವಸ್ತು ಗುರುತಿಸೋ ನಂಬರ್) 4901.99, ಬೆಲೆ ನಿಜವಾಗಿ ಮಾರಿದ ಬೆಲೆ. ಈ ವಿವರ ಕಂಪ್ಯೂಟರಲ್ಲೂ ತುಂಬಿಸ್ಬೇಕು, 2021ರಿಂದ ವಿದೇಶಕ್ಕೆ ಹೋಗೋ ವಸ್ತುಗಳ ಮಾಹಿತಿ ಮುಂಚೆನೇ ಎಲೆಕ್ಟ್ರಾನಿಕ್ಕಾಗಿ ಕಳ್ಸೋದು ಅಂತಾರಾಷ್ಟ್ರೀಯ ಅಂಚೆ ನಿಯಮ. ಒಬ್ಬನೇ ತುಂಬಾ ಕಾಪಿ ತರಿಸಿದ್ರೆ ಎಂ-ಬ್ಯಾಗ್ ಸೌಲಭ್ಯ ಇದ್ಯಾ ಕೇಳಿ, ಒಂದೇ ವಿಳಾಸಕ್ಕೆ ಬರೀ ಮುದ್ರಿತ ವಸ್ತುಗಳನ್ನ 30 ಕೇಜಿವರೆಗೆ ಚೀಲದಲ್ಲಿ ಕಳ್ಸೋ ವ್ಯವಸ್ಥೆ ಅದು.

ಇಷ್ಟೆಲ್ಲ ಹೇಳಿದ್ಮೇಲೂ, ಒಂದೊಂದೇ ಕಾಪಿ ಸಮುದ್ರ ದಾಟಿಸೋದು ಲೆಕ್ಕಕ್ಕೆ ಬರೋದು ಅಪರೂಪ. ಓದುಗ ಇರೋ ದೇಶದಲ್ಲೇ ಪ್ರಿಂಟ್ ಆಗಿ ಅಲ್ಲಿಂದ್ಲೇ ಹೋಗೋ ಹಾಗೆ ಕೆಡಿಪಿ, ಇನ್‌ಗ್ರಾಮ್‌ಸ್ಪಾರ್ಕ್, ಲುಲು ಇಂಥ ಪ್ರಿಂಟ್ ಆನ್ ಡಿಮ್ಯಾಂಡ್ ಸೈಟಲ್ಲಿ ಫೈಲ್ ಹಾಕಿಡಿ. ನಿಮಗೆ ಉಳಿಯೋದು ಕಮ್ಮಿ ಆಗತ್ತೆ, ಓದುಗನಿಗೆ ಪುಸ್ತಕ ಬೇಗ ಸಿಗತ್ತೆ, ಕಸ್ಟಮ್ಸ್ ತಲೆನೋವು ಇಬ್ಬರಿಗೂ ಇಲ್ಲ. ಬೆಲೆ ಇಡುವಾಗ ಒಂದು ಗಡಿ ನೋಡ್ಕೊಳ್ಳಿ. 2025ರ ಜೂನ್ 10ರಿಂದ ಕೆಡಿಪಿಯ ಅಮೆರಿಕ ಅಂಗಡಿಯಲ್ಲಿ 9.99 ಡಾಲರಿಗಿಂತ ಕೆಳಗಿನ ಪೇಪರ್‌ಬ್ಯಾಕಿಗೆ ರಾಯಲ್ಟಿ (ಬೆಲೆಯಲ್ಲಿ ನಿಮ್ಮ ಪಾಲು) 60 ಪರ್ಸೆಂಟಿಂದ 50ಕ್ಕೆ ಇಳೀತು, ಪ್ರಿಂಟಿಂಗ್ ಖರ್ಚು ಅದರಿಂದ ಕಳೀತಾರೆ. 9.98 ಇಟ್ರೆ 4.99, 9.99 ಇಟ್ರೆ 5.99, ಒಂದು ಸೆಂಟಿಗೆ ಒಂದು ಡಾಲರ್ ವ್ಯತ್ಯಾಸ.

ಪ್ರಶ್ನೆ: ಇ-ಬುಕ್ಕಿಗೆ ಎಷ್ಟಿಡೋದು? ಪ್ರಿಂಟ್ ಬೆಲೆನೇ ಇಡ್ಲಾ?

ಉತ್ತರ: ಕಿಂಡಲಲ್ಲಾದ್ರೆ 2.99ರಿಂದ 9.99 ಡಾಲರ್ ಒಳಗೆ ರಾಯಲ್ಟಿ 70 ಪರ್ಸೆಂಟ್, ಅದರ ಹೊರಗೆ 35. ಲೆಕ್ಕ ಹಾಕಿ ನೋಡಿ, 9.99ಕ್ಕೆ ಸಿಗೋ ಅಷ್ಟೇ ದುಡ್ಡು 35ರಲ್ಲಿ ಸಿಗ್ಬೇಕಂದ್ರೆ ಬೆಲೆ 20 ಡಾಲರ್ ಹತ್ರ ಆಗ್ಬೇಕು, ಹಾಗಾಗಿ 10ಕ್ಕೂ 20ಕ್ಕೂ ಮಧ್ಯ ಬೆಲೆ ಇಡೋದ್ರಲ್ಲಿ ಅರ್ಥ ಇಲ್ಲ. ಟ್ರೇಡಿಂಗ್ ಪುಸ್ತಕದವ್ರು ಮರೆಯೋ ವಿಷಯ ಇನ್ನೊಂದು, 70ರ ಯೋಜನೆಯಲ್ಲಿ ಫೈಲ್ ಸೈಜಿಗೆ ಡೆಲಿವರಿ ಚಾರ್ಜ್ ಇದೆ, ಅಮೆರಿಕದಲ್ಲಿ ಒಂದು ಎಂಬಿಗೆ 0.15 ಡಾಲರ್. 90 ಚಾರ್ಟ್ ಹಾಕಿ ಫೈಲ್ 20 ಎಂಬಿ ಆದ್ರೆ 3 ಡಾಲರ್ ಅಲ್ಲೇ ಹೋಯ್ತು, 9.99ರ ಪುಸ್ತಕದಲ್ಲಿ ಅದನ್ನ ಕಳೆದು ಉಳಿದಿದ್ದರ 70 ಪರ್ಸೆಂಟ್, ಅಂದ್ರೆ 4.89 ಕೈಗೆ ಬರತ್ತೆ. ಚಿತ್ರಗಳನ್ನ ಕುಗ್ಗಿಸಿ 2 ಎಂಬಿಗೆ ತಂದ್ರೆ 6.78. ಬಿಳಿ ಬ್ಯಾಕ್‌ಗ್ರೌಂಡಿನ ಕಪ್ಪು ಗೆರೆ ಚಾರ್ಟ್ ಚೆನ್ನಾಗಿ ಕುಗ್ಗತ್ತೆ. ಪಿಡಿಎಫ್ ಕಾಪಿ ಕದ್ದು ಹಂಚ್ತಾರೆ ಅನ್ನೋ ಭಯಕ್ಕೆ ಇ-ಬುಕ್ ಮಾಡದೇ ಇರ್ಬೇಡಿ, ಪ್ರಿಂಟ್ ಪುಸ್ತಕ ಸ್ಕ್ಯಾನ್ ಮಾಡಿ ಹಂಚೋರೂ ಇದಾರೆ.

ಪ್ರಶ್ನೆ: ಕವರ್ ಮೇಲೆ "ತಿಂಗಳಿಗೆ ಇಷ್ಟು ಪರ್ಸೆಂಟ್ ಲಾಭ" ಅಂತ ಹಾಕಿದ್ರೆ ಬೆಲೆ ಜಾಸ್ತಿ ಇಡ್ಬಹುದು ಅಂತ ಡಿಸೈನರ್ ಹೇಳ್ತಿದಾರೆ.

ಉತ್ತರ: ದಯವಿಟ್ಟು ಹಾಕ್ಬೇಡಿ. ಹಿಂದಿನ ಡೇಟಾ ಮೇಲೆ ಲೆಕ್ಕ ಹಾಕಿದ ಲಾಭದಲ್ಲಿ ಎಷ್ಟೋ ಸಲ ಬ್ರೋಕರೇಜ್ ಇರಲ್ಲ, ಸ್ಲಿಪೇಜ್ (ಅಂದ್ಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರೋ ವ್ಯತ್ಯಾಸ) ಇರಲ್ಲ, ನಷ್ಟದಲ್ಲಿ ಕೂತಾಗ ಕೈ ನಡುಗೋದೂ ಇರಲ್ಲ. ಅಮೆರಿಕದ ಫ್ಯೂಚರ್ಸ್ ಮಾರುಕಟ್ಟೆ ನಿಯಂತ್ರಕ ಸಿಎಫ್‌ಟಿಸಿಯ ನಿಯಮ 4.41ರಲ್ಲಿ ಇಂಥ ಕಾಲ್ಪನಿಕ ಫಲಿತಾಂಶ ತೋರಿಸೋ ಟ್ರೇಡಿಂಗ್ ಸಲಹೆಗಾರರು ಅದರ ಮಿತಿಗಳನ್ನ ಎದ್ದು ಕಾಣೋ ಹಾಗೆ ಹೇಳ್ಲೇಬೇಕು ಅಂತಿದೆ. ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲಿ ಲೋ ಅನ್ನೋ ಪ್ರಕಾಶಕನ ಕೇಸಲ್ಲಿ, ಎಲ್ಲ ಓದುಗರಿಗೂ ಒಂದೇ ಥರ ಬರೆದ ಪ್ರಾಮಾಣಿಕ ಪ್ರಕಟಣೆಗೆ ಹೂಡಿಕೆ ಸಲಹೆಗಾರರ ನೋಂದಣಿ ಬೇಡ ಅಂದಿತ್ತು. ಆದ್ರೆ ಪ್ರತಿ ದೇಶದ ನಿಯಮ ಬೇರೆ, ಪುಸ್ತಕದ ಜೊತೆ ವಾಟ್ಸಾಪ್ ಗುಂಪಲ್ಲಿ ಟಿಪ್ಸ್ ಕೊಡ್ತೀನಿ ಅಂತ ಸೇರಿಸಿದ್ರೆ ಆಗ ಅದು ಬರೀ ಪುಸ್ತಕ ಮಾರೋದಾಗಿ ಉಳಿಯಲ್ಲ. ಕವರಲ್ಲಿ ಒಳಗೆ ಏನಿದೆ ಅಂತ ಬರೀರಿ, ಯಾವ ಮಾರ್ಕೆಟ್, ಯಾವ ಟೈಮ್‌ಫ್ರೇಮ್, ಹೊಸಬರಿಗಾ ಅನುಭವ ಇರೋರಿಗಾ ಅಂತ. ನಷ್ಟ ಆದ ಟ್ರೇಡ್‌ಗಳ ಚಾರ್ಟೂ ಒಳಗಿರ್ಲಿ.

ಪ್ರಶ್ನೆ: ಮೊದಲ ಸಲ ಎಷ್ಟು ಕಾಪಿ ಹೊಡೆಸ್ಲಿ? ಸಾವಿರ ಹೊಡೆಸಿದ್ರೆ ಒಂದೊಂದಕ್ಕೆ ತುಂಬಾ ಕಮ್ಮಿ ಬೀಳತ್ತೆ ಅಂತಾರೆ.

ಉತ್ತರ: ಆಫ್‌ಸೆಟಲ್ಲಿ (ಪ್ಲೇಟ್ ಮಾಡಿ ಒಟ್ಟಿಗೆ ತುಂಬಾ ಕಾಪಿ ಹೊಡೆಯೋ ವಿಧಾನ) ಪ್ಲೇಟ್ ಖರ್ಚು ಒಂದೇ ಸಲ, ಹಾಗಾಗಿ ಸಂಖ್ಯೆ ಏರಿದಷ್ಟೂ ಕಾಪಿಗೆ ಕಮ್ಮಿ ಬೀಳೋದು ನಿಜ. ಆದ್ರೆ ಮೇಲೆ ಹೇಳಿದ 472 ಗ್ರಾಮಲ್ಲಿ ಪ್ಯಾಕಿಂಗ್ ಕಳೆದ್ರೂ ಸಾವಿರ ಕಾಪಿ ಅಂದ್ರೆ 400 ಕೇಜಿಗಿಂತ ಹೆಚ್ಚು, ಅದನ್ನ ಒದ್ದೆ ಆಗದ ಕಡೆ ಇಡ್ಬೇಕು. ಎಷ್ಟು ಜನ ದುಡ್ಡು ಕೊಟ್ಟು ಮುಂಗಡ ಬುಕ್ ಮಾಡ್ತಾರೆ ನೋಡಿ, ಬೇಕು ಅಂತ ಬಾಯಲ್ಲಿ ಹೇಳಿದವ್ರನ್ನ ಎಣಿಸ್ಬೇಡಿ. ಅದಕ್ಕಿಂತ ಸ್ವಲ್ಪ ಜಾಸ್ತಿ ಡಿಜಿಟಲ್ ಪ್ರಿಂಟಲ್ಲಿ ಹೊಡೆಸಿ. ಟ್ರೇಡಿಂಗ್ ಪುಸ್ತಕದಲ್ಲಿ ಮಾರ್ಜಿನ್ ನಿಯಮ, ಕಾಂಟ್ರ್ಯಾಕ್ಟ್ ಸೈಜ್, ತೆರಿಗೆ ಎಲ್ಲಾ ಬದಲಾಗ್ತಾನೇ ಇರತ್ತೆ, ಓದಿದವ್ರು ತಪ್ಪುಗಳನ್ನೂ ಹುಡುಕಿ ಕಳಿಸ್ತಾರೆ, ಅದನ್ನೆಲ್ಲ ಸರಿ ಮಾಡಿ ಎರಡನೇ ಸಲ ಹೊಡೆಸುವಾಗ ಆಫ್‌ಸೆಟ್ ಕೊಟೇಶನ್ ತಗೊಳ್ಳಿ.